ಬುಗುಮಾಳ ಕೌದಿ

ನೀಲಿ, ಆ ನೀಲಿ ಅಲ್ಲಿಗೆ ಹೇಗೆ ಬಂತು, ಕೆಂಪಿಗೂ ಹಳದಿಗೂ ನಡುವೆ, ಮಗುವಿನ ಕಾಲಿನ ಕಡೆಗೆ — ಕಿಟಕಿಯ ಪರದೆ ಗಾಳಿಗೆ ಎದ್ದು ಬಿದ್ದಿತು, ಒಂದು ಬಿಸಿಲುಕೋಲು ಕೌದಿಯ ಮೇಲೆ ಹರಿದು ಹೋಯಿತು, ಅಷ್ಟೇ, ಆದರೆ ಅಷ್ಟರಲ್ಲಿ ಕಿನೆ ನೋಡಿಬಿಟ್ಟಿದ್ದಳು, ನೀಲಿಯ ಮೇಲೆ ಬಿಳಿ ಚುಕ್ಕೆಯ ಗಿನಿಕೋಳಿ, ತಲೆ ತಗ್ಗಿಸಿ ಕಾಳು ಹೆಕ್ಕುವ ಕೋಳಿ, ಅದರ ಕೊರಳು ಮಾತ್ರ ಕಾಣುತ್ತದೆ, ಮೈಯೆಲ್ಲ ಹೊಲಿಗೆಯೊಳಗೆ ಮಡಚಿಕೊಂಡಿದೆ, ನಾಲ್ಕು ಬೆರಳಗಲದ ಪಟ್ಟಿ, ಇಷ್ಟೊಂದು ಬಣ್ಣಗಳ ಗದ್ದಲದಲ್ಲಿ ಅದನ್ನು ಯಾರು ಹುಡುಕುತ್ತಾರೆ — ಅವಳು ಹುಡುಕುತ್ತಾಳೆ, ಬೆಳಗ್ಗಿನಿಂದ ಅದನ್ನೇ ಮಾಡುತ್ತಿದ್ದಾಳೆ, ಖುದಿಯಾ ಈ ಕೌದಿಯನ್ನು ತಂದು ಮಗುವಿಗೆ ಹೊದೆಸಿ, ಅಂಚನ್ನು ಮೆಲ್ಲಗೆ ತಟ್ಟಿ, ಹೊರಗೆ ಹೋದಾಗಿನಿಂದ. ಯಾಕೆ ತಟ್ಟಿದಳು, ಸವತಿಯ ಮಗುವನ್ನು ಹಾಗೆ ಯಾರು ತಟ್ಟುತ್ತಾರೆ, ಅದೂ ಕಾಲಿನ ಕಡೆ, ಈಗ ನೋಡಿದರೆ ಸರಿಯಾಗಿ ಆ ನೀಲಿಯ ಮೇಲೆಯೇ. ಆ ಬಟ್ಟೆ ಕಿನೆಗೆ ಗೊತ್ತು, ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ, ಅದರಲ್ಲಿ ಅಲಿಯೂನನನ್ನು ಬೆನ್ನಿಗೆ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದ್ದಳು, ಅಂಬೆಗಾಲಿಡಲು ಕಲಿತ ಮಗು, ಜ್ವರದ ಬಿಸಿ ಬಟ್ಟೆ ದಾಟಿ ಬೆನ್ನು ಸುಡುತ್ತಿತ್ತು, ಆಮೇಲೆ ಸುಡುವುದು ನಿಂತಿತ್ತು, ನಿಂತದ್ದಕ್ಕೆ ಅವಳು ಖುಷಿಪಟ್ಟಿದ್ದಳು, ದೇವರೇ, ಖುಷಿಪಟ್ಟಿದ್ದಳು, ಜ್ವರ ಇಳಿಯಿತು ಅಂದುಕೊಂಡು. ವಾಪಸು ಬಂದಾಗ ಬಾಗಿಲಲ್ಲೇ ಅತ್ತೆ, ಯಾಯ್ ಪೆಂದಾ, ಅವಳ ಕೈಯಿಂದ ಆ ಬಟ್ಟೆಯನ್ನು ತೆಗೆದುಕೊಂಡಿದ್ದರು, ಇದು ಮನೆಯೊಳಗೆ ಬರೋದು ಬೇಡ ಮಗಳೇ, ಮಸೀದಿ ಹತ್ರ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಕೊಟ್ಟರೇ? ಯಾರು ನೋಡಿದ್ದಾರೆ. ಸತ್ತ ಮಗುವಿನ ಬೆವರು ಹೀರಿದ ಬಟ್ಟೆ ಈ ಮನೆಯ ಯಾವುದೋ ಪೆಟ್ಟಿಗೆಯಲ್ಲಿ ಇಷ್ಟು ದಿನ ಉಸಿರು ಹಿಡಿದು ಕೂತಿತ್ತು, ಈಗ ಎದ್ದು ಬಂದು ಈ ಮಗುವಿನ ಕಾಲು ಹಿಡಿದಿದೆ — ಕಿನೆ, ನೀನು ಡಾಕಾರಿನಲ್ಲಿ ಓದಿದವಳು, ಶಾಲೆಯಲ್ಲಿ ಹುಡುಗಿಯರಿಗೆ ಮಳೆ ಹೇಗೆ ಬರುತ್ತದೆಂದು ಪಾಠ ಹೇಳುವವಳು, ಬಟ್ಟೆ ಬಟ್ಟೆಯಷ್ಟೇ. ಸರಿ, ಬಟ್ಟೆ ಬಟ್ಟೆಯಷ್ಟೇ, ಆದರೆ ಅದನ್ನು ಕತ್ತರಿಸಿ ಅಲ್ಲಿಟ್ಟ ಕೈ ಬರೀ ಕೈಯಲ್ಲ.

ಈ ಕೌದಿಗೆ ಅವಳು ಒಪ್ಪಿದ್ದೇ ತಪ್ಪು, ಇಲ್ಲ, ಒಪ್ಪದೆ ಇದ್ದಿದ್ದರೆ ಏನಾದರೂ ಆದಾಗ ಕೌದಿ ಬೇಡ ಅಂದವಳು ನೀನೇ ಅನ್ನುತ್ತಿದ್ದರು, ಮೊದಲ ಹೆಣ್ಣುಮಗು ಹೆಸರಿಡುವ ಮುಂಚೆಯೇ ಹೋಯಿತು, ಎರಡನೆಯವನು ಅಂಬೆಗಾಲಿಗೆ ಬಂದು ಹೋದ, ಇನ್ನು ಮೂರನೆಯದನ್ನು ಹೆತ್ತವಳ ಕಡೆ ಕೇರಿಯ ಹೆಂಗಸರು ಬೇರೆ ಥರ ನೋಡುತ್ತಾರೆ, ಹೊಟ್ಟೆಯನ್ನು ನೋಡುತ್ತಾರೆ, ಮುಖವನ್ನಲ್ಲ. ಮಕ್ಕಳು ನಿಲ್ಲದ ತಾಯಿಯ ಮಗುವಿಗೆ ಕೇರಿಯ ಮನೆಮನೆಯಿಂದ ಚಿಂದಿ ಬೇಡಿ ತಂದು ಕೌದಿ ಹೊಲಿಯಬೇಕು, ಯಾರಿಗೂ ಬೇಡವಾದ ಹೆಸರಿಡಬೇಕು, ಇದು ಯಾರ ಮಗುವೂ ಅಲ್ಲ, ಕಸ, ಬೀದಿಯ ಚಿಂದಿ ಅನ್ನಿಸಬೇಕು, ಆಗ ಒಯ್ಯಲು ಬಂದದ್ದು ಮೂಗು ಮುರಿದು ಮುಂದೆ ಹೋಗುತ್ತದೆ, ಯಾಯ್ ಪೆಂದಾ ಹೇಳಿದ್ದು. ಇವತ್ತು ಇಮಾಮರು ಕಿವಿಯಲ್ಲಿ ಉಸುರುವ ಹೆಸರು ಬೇರೆ, ಕೇರಿ ಕೂಗುವ ಹೆಸರು ಬುಗುಮಾ, ನನಗೆ ಬೇಡ ಅಂತ ಅರ್ಥ, ತಾಯಿ ಬಾಯ್ತುಂಬ ಹೇಳಬೇಕು, ಬುಗುಮಾ, ಬುಗುಮಾ, ಹೇಳುವಾಗಲೆಲ್ಲ ಕಿನೆಯ ಎದೆಯಿಂದ ಹಾಲು ತಾನಾಗಿ ಒಸರುತ್ತದೆ, ನಾಲಿಗೆ ಬೇಡ ಅನ್ನುತ್ತದೆ, ಎದೆ ಕೇಳುವುದಿಲ್ಲ. ಬೇಡಲು ತಾಯಿ ಹೋಗುವಂತಿಲ್ಲ, ಹೊಲಿಯುವಂತಿಲ್ಲ, ಸೂಜಿಯನ್ನೂ ಮುಟ್ಟುವಂತಿಲ್ಲ, ಯಾವ ತುಂಡು ಯಾರ ಮನೆಯದೆಂದು ಕೇಳುವಂತಿಲ್ಲ, ಹೋಗಬೇಕಾದವಳು ಸವತಿ. ಖುದಿಯಾ ಹೋದಳು, ತಲೆಯ ಮೇಲೆ ಹಳೆ ಬೋಗುಣಿ ಇಟ್ಟುಕೊಂಡು, ಕಿನೆ ಅಂಗಳದ ಗೋಡೆಯ ಈಚೆ ನಿಂತು ಕೇಳಿಸಿಕೊಂಡಳು, ಕೊಡುವವರು ಬೈದೇ ಕೊಡಬೇಕು, ತಗೋ, ಆ ಪೀಡೆಗೆ ಇದೇ ಜಾಸ್ತಿ, ಎಂದು ಎದುರುಮನೆಯವಳು, ನಮ್ಮನೆ ನೆಲ ಒರೆಸೋ ಬಟ್ಟೆ ಹರಿದು ಕೊಡ್ತಿದೀನಿ ನೋಡು, ಕತ್ತೆ ಕೂಡ ಮುಟ್ಟಲ್ಲ, ಎಂದು ಬ್ರೆಡ್ಡಿನವನ ಹೆಂಡತಿ, ನಗು, ಎಲ್ಲರಿಗೂ ನಗು, ಖುದಿಯಾಳ ನಗು ಎಲ್ಲಕ್ಕಿಂತ ದೊಡ್ಡದು, ಅಷ್ಟು ನಗುವಂಥದ್ದು ಏನಿತ್ತು. ಅವಳ ಮೂರು ಮಕ್ಕಳೂ ಗುಂಡುಕಲ್ಲಿನ ಹಾಗಿವೆ, ಒಂದಕ್ಕೆ ನೆಗಡಿ ಕೂಡ ಆಗುವುದಿಲ್ಲ. ಆಮೇಲೆ ದಿನವೂ ಬೇವಿನ ನೆರಳಲ್ಲಿ ಕಾಲು ಚಾಚಿ ಕೂತು ಹೊಲಿದಳು, ದರ್ಜಿಯ ಅಂಗಡಿಯ ತುಣುಕುಗಳು, ಶಾಲೆಯ ಸಮವಸ್ತ್ರದ ತುದಿ, ಯಾರದೋ ಮದುವೆಯ ಹೊಳೆಯುವ ಹಸಿರು, ಪ್ರತಿಯೊಂದರ ಅಂಚನ್ನೂ ಒಳಕ್ಕೆ ಮಡಚಿ, ಉಗುರಿನಿಂದ ಗೀರಿ, ಸಣ್ಣ ಸಣ್ಣ ಹೊಲಿಗೆ, ಅಷ್ಟು ಸಣ್ಣ ಹೊಲಿಗೆ ಯಾರಾದರೂ ಬೇಡದ ಕೆಲಸಕ್ಕೆ ಹಾಕುತ್ತಾರೆಯೇ, ಒಳಗೇನಾದರೂ ಮುಚ್ಚಿಡುವವರು ಹಾಕುತ್ತಾರೆ. ಊರೆಲ್ಲ ಕೊಟ್ರೂ ಸವತಿ ತನ್ನ ಕೈಯಾರ ಒಂದು ತುಂಡು ಕೊಡದಿದ್ರೆ ಕೌದಿ ಕೆಲಸ ಮಾಡಲ್ಲ, ಅದೂ ಗಂಡ ಇಬ್ಬರಿಗೂ ಸಮನಾಗಿ ತಂದ ಬಟ್ಟೆಯಿಂದ್ಲೇ ಕೊಡ್ಬೇಕು, ಎಂದಿದ್ದರು ಯಾಯ್ ಪೆಂದಾ, ಕಿನೆ ಆಗಲೇ ಹುಡುಕಿಟ್ಟಿದ್ದಳು, ತಲೆಯ ಕಡೆ ಇರುವ ಕಂದು ಪಟ್ಟಿ, ಖುದಿಯಾ ಹಬ್ಬಹಬ್ಬಕ್ಕೂ ಹಾಕುವ ಆ ಹಳೆಯ ಕಂದು ಬೂಬೂವಿನ, ಆ ಅಗಲ ನಿಲುವಂಗಿಯ ತುದಿ, ಕೊಡಲೇಬೇಕಲ್ಲ ಎಂದು ಕೊಟ್ಟದ್ದು, ಇರಲಿ, ಕೊಟ್ಟಳಲ್ಲ. ಆದರೆ ನೀಲಿ? ಬಿರಾಮ ಬಕ್ರೀದಿಗೆ ತಂದಿದ್ದ, ಯಾವಾಗಿನಂತೆ ಇಬ್ಬರಿಗೂ ಒಂದೇ ಥಾನಿನಿಂದ ಕತ್ತರಿಸಿದ್ದು, ಒಂದು ಗೇಣು ಹೆಚ್ಚಿಲ್ಲ ಕಡಿಮೆಯಿಲ್ಲ, ಇಬ್ಬರ ಮಡಿಲಿಗೂ ಒಟ್ಟಿಗೇ ಹಾಕಿ ಎದ್ದುಹೋಗುವ ಗಂಡ, ಯಾರ ಕಡೆ ಮೊದಲು ನೋಡಿದ ಎಂಬ ಮಾತು ಬಾರದಿರಲೆಂದು ಗೋಡೆಯ ಕಡೆ ನೋಡುವ ಗಂಡ. ಕಿನೆ ತನ್ನದನ್ನು ಹೊಲಿಸಲಿಲ್ಲ, ಮಗುವನ್ನು ಬೆನ್ನಿಗೆ ಕಟ್ಟಲು ಇಟ್ಟುಕೊಂಡಳು. ಖುದಿಯಾ ತನ್ನದನ್ನು ಮುಂದಿನ ಹಬ್ಬಕ್ಕೆಂದು ಎತ್ತಿಟ್ಟು, ಆಮೇಲೆ ಫಾತಿಕ್ ಊರಲ್ಲಿರುವ ತನ್ನ ತಂಗಿಗೆ ಕಳಿಸಿದಳು, ಅವಳೇ ಹೇಳಿದ್ದು, ನಂಗೆ ಆ ಕೋಳಿ ಚಿತ್ರ ಹಿಡಿಸ್ಲಿಲ್ಲ, ಕಳಿಸ್ಬಿಟ್ಟೆ. ಹಾಗಾದರೆ ಈ ಕೇರಿಯಲ್ಲಿ, ಈ ಕವ್ಲಾಕ್ ಪಟ್ಟಣದಲ್ಲೇ, ಆ ಗಿನಿಕೋಳಿ ಉಳಿದಿದ್ದರೆ ಒಂದೇ ಕಡೆ, ಯಾಯ್ ಪೆಂದಾ ಬಾಗಿಲಲ್ಲಿ ತೆಗೆದುಕೊಂಡ ಬಟ್ಟೆಯಲ್ಲಿ, ಅತ್ತೆಯ ಕೈಯಿಂದ ಸವತಿಯ ಕೈಗೆ, ಇಬ್ಬರೂ ಕೂಡಿ, ಅಥವಾ ಒಬ್ಬಳಿಗೆ ಗೊತ್ತಿಲ್ಲದಂತೆ ಇನ್ನೊಬ್ಬಳು.

ಯಾಯ್ ಪೆಂದಾ ಒಳಗೆ ಬಂದರು, ಕೈಯಲ್ಲಿ ಸಜ್ಜೆಯ ಗಂಜಿ, ಮೇಲೆ ಮೊಸರು, ಬಾಗಿಲು ತೆರೆದಾಗ ಧೂಪದ ವಾಸನೆಯ ಜೊತೆ ಹೊರಗಿನ ಗಲಾಟೆಯೂ ಒಳಗೆ ನುಗ್ಗಿತು, ಇನ್ನೂ ಹಾಗೇ ಕೂತಿದೀಯಲ್ಲೇ, ಇಮಾಮರು ಬರೋ ಹೊತ್ತಾಯ್ತು, ಬೂಬೂ ಹಾಕ್ಕೋ, ಎರಡು ಚಮಚ ತಿನ್ನು, ಹಾಲು ಕುಡಿಸೋಳು ಬರೀ ಹೊಟ್ಟೇಲಿ ಇರಬಾರ್ದು. ತಿನ್ನುತ್ತಾಳೆ, ಒಂದು ಚಮಚ, ಅತ್ತೆಯ ಮುಖವನ್ನು ನೋಡುತ್ತಾಳೆ, ಸುಕ್ಕುಗಳು ಏನನ್ನೂ ಬಿಟ್ಟುಕೊಡುವುದಿಲ್ಲ, ಸುಮ್ಮನೆ ಮಾತಿಗೆ ಹೇಳುವ ಹಾಗೆ ಹೇಳುತ್ತಾಳೆ, ಯಾಯ್, ಈ ನೀಲಿ ತುಂಡು ಚೆನ್ನಾಗಿದೆ ಅಲ್ವಾ. ಮುದುಕಿಯ ಕೈ ಬೋಗುಣಿಯ ಅಂಚಿನಲ್ಲಿ ನಿಂತಿತು, ನಿಂತಿತೇ, ಅಥವಾ ನೊಣ ಓಡಿಸಲು ಎತ್ತಿದ್ದೇ. ಕೌದೀಲಿ ಚೆಂದ ನೋಡಬಾರ್ದು ಮಗಳೇ, ಎಲ್ಲಿಂದ ಬಂತು ಅಂತ ಕೇಳಬಾರ್ದು. ನಾನು ಕೇಳ್ಲಿಲ್ಲ, ಚೆನ್ನಾಗಿದೆ ಅಂದೆ ಅಷ್ಟೆ. ಅದೂ ಕೇಳೋದೇ, ಓದಿದೋರು ಕೇಳೋ ರೀತಿ ಅದು. ಅಂದರೆ ಗೊತ್ತಿದೆ, ಗೊತ್ತಿಲ್ಲದಿದ್ದರೆ ಯಾವ ನೀಲಿ ಎಂದು ಬಗ್ಗಿ ನೋಡುತ್ತಿದ್ದರು, ಕೌದಿಯಲ್ಲಿ ನೀಲಿಗಳಿಗೇನು ಬರ, ಇವರು ಬಗ್ಗಲಿಲ್ಲ, ಯಾವ ನೀಲಿ ಎಂದು ಇವರಿಗೆ ಗೊತ್ತು. ಕೇಳಿಬಿಡಲೇ ನೇರವಾಗಿ, ಯಾಯ್, ಅಲಿಯೂನನ ಬಟ್ಟೆ ಯಾರಿಗೆ ಕೊಟ್ಟಿರಿ — ಹೆಸರಿಡುವ ದಿನ ಸತ್ತ ಮಗುವಿನ ಹೆಸರು ಬಾಯಿಗೆ ತಂದರೆ ಈ ಮುದುಕಿ ಅಲ್ಲೇ ನೆಲಕ್ಕೆ ಕುಸಿಯುತ್ತಾಳೆ, ತರುವಂತಿಲ್ಲ, ಅದು ಗೊತ್ತಿದ್ದೇ ಮಾಡಿದ್ದಾರೆ, ಕೇಳಲಾಗದ ಜಾಗದಲ್ಲಿ, ಕೇಳಲಾಗದ ದಿನ. ಹೊರಗೆ ಹಾಡುಗಾರ್ತಿಯ ಗಂಟಲು, ಎಲ್ಲಿ ಆ ಪೀಡೆ ಹೆತ್ತೋಳು, ಕರ್ಕೊಂಡು ಬರ್ರೇ, ಮೂತಿ ನೋಡ್ಬೇಕು, ಏ ಖುದಿಯಾ, ನೀವು ಜೋಪ್ ಮನೆತನದೋರು ಅನ್ನದ ಹಂಡೆ ಪಕ್ಕ ಕೂತ್ರೆ ನಮಗೆ ತಳ ಕೆರೆಯೋದೇ ಗತಿ. ಖುದಿಯಾಳ ದನಿ, ನೀನು ಬಂದ್ಮೇಲೆ ಹಂಡೆ ಉಳಿದ್ರೆ ಸಾಕು ಕಣೇ, ಹೋದ ಸಲ ಮುಚ್ಚಳ ಕಾಣೆಯಾಗಿತ್ತು. ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಾರೆ, ಯಾಯ್ ಪೆಂದಾ ಕೂಡ ಹಲ್ಲಿಲ್ಲದ ಬಾಯಿ ತೆರೆದು ನಗುತ್ತ ಹೊರಗೆ ಹೋಗುತ್ತಾರೆ, ಹೋಗುವಾಗ ಬಾಗಿಲಲ್ಲಿ ತಿರುಗಿ, ಹೊದೆಸಿದ ಕೌದೀನ ಹೆಸರು ಹೇಳೋ ತನಕ ಎತ್ತಬೇಡ, ಗೊತ್ತಲ್ಲ. ಗೊತ್ತು. ಎತ್ತಬೇಡ ಎಂದು ಎರಡನೇ ಸಲ ಹೇಳುತ್ತಿದ್ದಾರೆ, ಬೆಳಗ್ಗೆ ಒಮ್ಮೆ, ಈಗ ಒಮ್ಮೆ, ಮರೆಯುವವಳಿಗೆ ಹೇಳುವುದೇ ಅದು, ಅಥವಾ ಅನುಮಾನ ಬಂದವಳಿಗೆ.

ಎತ್ತುವುದಿಲ್ಲ. ಎತ್ತದೆಯೇ ತೆಗೆಯಬಹುದು. ಮಗುವಿನ ತಲೆ ಬೋಳಿಸಲು ತಂದಿಟ್ಟ ತಟ್ಟೆ ಗೋಡೆಯ ಪಕ್ಕ ಇದೆ, ನೀರಿನ ಬಟ್ಟಲು, ಕೋಲಾ ಬೀಜ, ಕಾಗದ ಬಿಚ್ಚದ ಬ್ಲೇಡು. ಕಾಗದ ಬಿಚ್ಚಿದೆ. ಯಾರು ಬಿಚ್ಚಿದರು, ಅವಳೇ, ಕೈ ಇಷ್ಟು ಬೇಗ ಹೋಗುತ್ತದೆಂದು ಅವಳಿಗೂ ತಿಳಿದಿರಲಿಲ್ಲ. ಹಾಸಿಗೆಯ ಪಕ್ಕ ಮೊಣಕಾಲೂರಿ, ಎಡಗೈಯಿಂದ ಕೌದಿಯನ್ನು ಮಗುವಿನ ಮೈಯಿಂದ ಒಂದಿಷ್ಟು ಮೇಲಕ್ಕೆ ಗೂಡಿನ ಹಾಗೆ ಹಿಡಿದು, ಬಲಗೈಯ ಬ್ಲೇಡಿನ ಮೂಲೆಯನ್ನು ಆ ಸಣ್ಣ ಹೊಲಿಗೆಯ ಕೆಳಗೆ — ಟಿಕ್ — ಒಂದು ಬಿಟ್ಟಿತು, ಟಿಕ್, ಟಿಕ್, ಎಷ್ಟು ಬಿಗಿ ಹಾಕಿದ್ದಾಳೆ ಮಹರಾಯಿತಿ, ಮಗು ನಿದ್ದೆಯಲ್ಲಿ ತುಟಿ ಚೀಪುತ್ತಿದೆ, ಅಂಗಳದಲ್ಲಿ ಕುರಿ ಅರಚುತ್ತಿದೆ, ಯಾರಾದರೂ ಬಂದರೆ, ಯಾರಾದರೂ ಈಗ ಬಂದರೆ ಹಾಲುಕುಡಿಯುವ ಕೂಸಿನ ಕಾಲ ಬಳಿ ಬ್ಲೇಡು ಹಿಡಿದು ಕೂತ ತಾಯಿಯನ್ನು ನೋಡುತ್ತಾರೆ, ಕೇರಿಗೆ ಜನ್ಮವಿಡೀ ಸಾಕಾಗುವಷ್ಟು ಮಾತು. ಪಟ್ಟಿ ಕಳಚಿಕೊಂಡು ಅಂಗೈಗೆ ಬಂತು. ಮೂಗಿಗೆ ಹಿಡಿದಳು, ಜ್ವರ, ಬೆವರು, ಆಸ್ಪತ್ರೆಯ ಔಷಧ, ಏನಾದರೂ ಒಂದು, ಇಲ್ಲ, ಬೇರೇನೋ, ಪೆಟ್ಟಿಗೆಯ ವಾಸನೆ, ಕರ್ಪೂರದ ಗುಳಿಗೆಯ ವಾಸನೆ. ಒಳಕ್ಕೆ ಮಡಚಿದ್ದ ಅಂಚನ್ನು ಉಗುರಿನಿಂದ ಬಿಚ್ಚಿದಳು, ಅಂಚು ಸೆಟೆದು ನಿಂತಿತು, ಗರಿಗರಿ ಎಂದಿತು, ಬಿಸಿಲಿಗೆ ಹಿಡಿದರೆ ಮೇಣದ ಹೊಳಪು, ಹೊಸ ಬಟ್ಟೆಯ ಹೊಳಪು, ಒಮ್ಮೆ ನೀರಿಗೆ ಬಿದ್ದರೆ ಹೋಗಿಬಿಡುವಂಥದ್ದು, ತುದಿಯಲ್ಲಿ ಗಿರಣಿಯ ಅಚ್ಚಿನ ಅರ್ಧ ಅಕ್ಷರಗಳು ಕೂಡ ಮಾಸಿಲ್ಲ. ಅವಳ ಬಟ್ಟೆ ಒಗೆದು ಒಗೆದು ಮಗುವಿನ ಕೆನ್ನೆಯಷ್ಟು ಮೆತ್ತಗಾಗಿತ್ತು. ಇದು ನೀರನ್ನೇ ಕಂಡಿಲ್ಲ. ಇದನ್ನು ಯಾರೂ ಉಟ್ಟಿಲ್ಲ, ಯಾರನ್ನೂ ಇದರಲ್ಲಿ ಹೊತ್ತಿಲ್ಲ, ಇದರಲ್ಲಿ ಯಾರೂ — ಇದು ಆ ಥಾನಿನ ಇನ್ನೊಂದರ್ಧ, ಖುದಿಯಾಳ ಪಾಲು. ಫಾತಿಕ್‌ಗೆ ಹೋಗಿಲ್ಲ, ತಂಗಿಗೆ ಕಳಿಸಿಲ್ಲ, ಖುದಿಯಾ ಸುಳ್ಳು ಹೇಳಿದ್ದಾಳೆ, ಯಾಕೆ ಹೇಳಿದಳು, ಬಟ್ಟೆ ಇಟ್ಟುಕೊಂಡಿದ್ದೇನೆ ಅನ್ನಲು ಏನು ಕಷ್ಟ. ಅಲಿಯೂನ್ ಹೋದ ಮೇಲಿನ ಹಬ್ಬ ನೆನಪಿಗೆ ಬರುತ್ತದೆ, ಬೇಡವೆಂದರೂ ಬರುತ್ತದೆ, ಖುದಿಯಾ ಹಳೆಯ ಕಂದು ಬೂಬೂ ಹಾಕಿ ಹೊರಟಿದ್ದಳು, ಬ್ರೆಡ್ಡಿನವನ ಹೆಂಡತಿ ಬೀದಿಯಲ್ಲೇ ನಿಲ್ಲಿಸಿ, ಏನೇ ಖುದಿಯಾ, ನಿನ್ ಗಂಡ ಈಗ ಒಬ್ಬಳಿಗೇ ಬಟ್ಟೆ ತರೋದಾ, ಎಂದು ಕೆಣಕಿದ್ದಳು, ಖುದಿಯಾ, ನಂಗೆ ಕಂದು ಒಪ್ಪುತ್ತೆ ಕಣೇ, ಮುದುಕಿ ಆಗ್ತಿದೀನಿ, ಎಂದು ನಕ್ಕಿದ್ದಳು, ಆಗ ಕಿನೆ ಅಂದುಕೊಂಡದ್ದು ಇಷ್ಟೇ, ನೋಡು, ಬೇಕೆಂದೇ ಹಳೆಯದು ಹಾಕಿ ನನ್ನ ಮರ್ಯಾದೆ ಕಳೆಯುತ್ತಿದ್ದಾಳೆ. ಗಿನಿಕೋಳಿಯ ಬೂಬೂ ಹಾಕಿ ಅಂದು ಅಂಗಳಕ್ಕೆ ಬಂದಿದ್ದರೆ? ಅಲಿಯೂನನ ಬಟ್ಟೆ ಕಣ್ಣೆದುರು ಓಡಾಡಿದ್ದರೆ? ಅದಕ್ಕೇ ಹೊಲಿಸಲಿಲ್ಲವೇ, ಅದಕ್ಕೇ ಪೆಟ್ಟಿಗೆಯ ತಳಕ್ಕೆ — ಅಷ್ಟು ಒಳ್ಳೆಯವಳೇನಲ್ಲ, ಅಷ್ಟು ಒಳ್ಳೆಯವಳಾಗಿದ್ದರೆ ಇವತ್ತು ಇದನ್ನೇ ಯಾಕೆ ಹೊರತೆಗೆದಳು, ಬಿರಾಮ ಸಮನಾಗಿ ತಂದ ಬಟ್ಟೆಗಳು ಬೇಕಾದಷ್ಟಿವೆ. ಬೇಕಾದಷ್ಟಿವೆ, ಆದರೆ ಅವೆಲ್ಲ ಉಟ್ಟು ಸವೆದವು, ಮುಟ್ಟದೆ ಇಟ್ಟದ್ದು ಇದೊಂದೇ ಇರಬೇಕು. ಇರಬೇಕು, ಇರಲಿಕ್ಕಿಲ್ಲ. ಆ ಕಂದು ಪಟ್ಟಿ ಯಾರ ಮನೆಯದೋ ಹಾಗಾದರೆ, ಸವತಿಯ ತುಂಡು ಅದಲ್ಲ, ಇದು, ಸವತಿಯ ತುಂಡು ಇಲ್ಲದೆ ಕೌದಿ ಕೆಲಸ ಮಾಡುವುದಿಲ್ಲ, ಅದನ್ನೇ, ಅದೊಂದನ್ನೇ, ಅವಳು ಕತ್ತರಿಸಿ ತೆಗೆದಿದ್ದಾಳೆ. ಕೌದಿ ಅಲುಗಿತು. ಪಟ್ಟಿ ಇದ್ದ ಜಾಗದ ಸೀಳಿನಿಂದ ಮಗುವಿನ ಹಿಮ್ಮಡಿ ಹೊರಗೆ ಬಂತು.

ಗುಂಡಗೆ, ನಸುಗೆಂಪಗೆ, ಇನ್ನೂ ಎಲ್ಲೂ ಊರದ ಹಿಮ್ಮಡಿ, ಒಂದು ಚೂರೂ ಸವೆದಿಲ್ಲ. ಅಂಗೈಯಿಂದ ಒಳಕ್ಕೆ ತಳ್ಳಿದಳು, ಹೋಯಿತು, ಮತ್ತೆ ಬಂತು, ಎಲ್ಲ ಬಣ್ಣಗಳ ನಡುವೆ ಆ ಒಂದು ಜಾಗ ಬೆತ್ತಲೆ, ನೋಡುವವರಿಗೆ ನೇರವಾಗಿ ಕಾಣುವ ಹಾಗೆ, ಇದು ಚಿಂದಿಯಲ್ಲ, ಇದು ಮಗು ಎಂದು ಗೊತ್ತಾಗುವ ಹಾಗೆ. ಹೊಲಿದುಬಿಡಲೇ, ಸೂಜಿ ಎಲ್ಲಿದೆ, ತಾಯಿ ಸೂಜಿ ಮುಟ್ಟಬಾರದು, ನಂಬುವುದಿಲ್ಲ ಅನ್ನುವವಳಿಗೆ ಮುಟ್ಟಲು ಯಾಕೆ ಕೈ ಬರುವುದಿಲ್ಲ, ನಂಬದಿದ್ದರೆ ತೆಗೆದದ್ದಾದರೂ ಯಾಕೆ — ಬಾಗಿಲು. ಖುದಿಯಾ. ಹಬ್ಬದ ಹಳದಿ ಬೂಬೂ, ತಲೆಗೆ ಎತ್ತರಕ್ಕೆ ಕಟ್ಟಿದ ವಸ್ತ್ರ, ನಗುತ್ತಲೇ ಬಂದಳು, ಇಮಾಮರು ಬಂದ್ರು, ಎಲ್ಲಿ ನಮ್ಮ ಪೀಡೆ, ಕೊಡು, ನಾನು ಎತ್ಕೊಂಡು — ನಗು ಮುಖದಲ್ಲೇ ಉಳಿಯಿತು, ಕಣ್ಣು ಹಿಮ್ಮಡಿಯ ಮೇಲೆ ಹೋಯಿತು, ಹಿಮ್ಮಡಿಯಿಂದ ಬ್ಲೇಡಿಗೆ, ಬ್ಲೇಡಿನಿಂದ ಕಿನೆಯ ಮುಷ್ಟಿಗೆ. ಬಾಗಿಲು ಹಾಕಿ ಚಿಲಕ ಸರಿಸಿದಳು. ಯಾಕೆ ಚಿಲಕ, ಯಾರೂ ಬಾರದಿರಲೆಂದೇ, ಕಿನೆ ಹೊರಗೆ ಹೋಗದಿರಲೆಂದೇ. ಈಗ ಕೂಗುತ್ತಾಳೆ, ನೋಡಿ ಬನ್ನಿ, ನಾನು ಕೊಟ್ಟದ್ದನ್ನು ಇವಳು ಹೇಗೆ ಕಿತ್ತುಹಾಕಿದ್ದಾಳೆ ಎಂದು, ಕೂಗಲು ಅವಳಿಗೆ ಹಕ್ಕಿದೆ, ಸವತಿ ಬೇಡ ಅಂದರೆ ಮುಗಿಯಿತು, ಒಂದು ಮಾತು ಸಾಕು, ಈ ಮಗುವನ್ನು ಯಾರೂ ಹೊದೆಸದೆ, ಯಾರೂ ಬೇಡಿ ತರದೆ — ಕೂಗುವುದಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತಳು, ಹಾಸಿಗೆ ಅವಳ ಭಾರಕ್ಕೆ ವಾಲಿತು. ಕೊಡು, ಅಂದಳು. ಕಿನೆಯ ಮುಷ್ಟಿ ಬಿಚ್ಚುವುದಿಲ್ಲ, ಬಾಯಿ ಬಿಚ್ಚಿತು, ಅಕ್ಕಾ, ನೀವು ಇದನ್ನ ಫಾತಿಕ್‌ಗೆ ಕಳಿಸಿದೆ ಅಂದಿದ್ರಿ. ಕಳಿಸ್ಲಿಲ್ಲ. ಯಾಕೆ. ಖುದಿಯಾ ತಲೆವಸ್ತ್ರದ ಮಡಿಕೆಯಿಂದ ದಾರ ಪೋಣಿಸಿಯೇ ಇದ್ದ ಸೂಜಿ ಎಳೆದಳು, ನೀನು ಕೇಳಬಾರ್ದು, ನಾನು ಹೇಳಬಾರ್ದು, ಇಮಾಮರು ಅಂಗಳದಲ್ಲಿ ನಿಂತಿದಾರೆ, ಕೊಡ್ತೀಯೋ ಇಲ್ವೋ. ಈ ದನಿಯಲ್ಲಿ ಸಿಟ್ಟಿದೆಯೇ, ಅಳುವಿದೆಯೇ, ಸಿಟ್ಟೇ ಇರಲಿ, ಸಿಟ್ಟಿದ್ದರೆ ಅರ್ಥವಾಗುತ್ತದೆ. ಮುಷ್ಟಿ ಬಿಚ್ಚಿತು. ಬೆವರಿಗೆ ನೀಲಿ ಅವಳ ಅಂಗೈಗೆ ಬಿಟ್ಟುಕೊಂಡಿತ್ತು, ಈಗ ಇದು ನೀರು ಕಂಡ ಬಟ್ಟೆ, ಅವಳ ನೀರು. ಖುದಿಯಾ ಅದನ್ನು ಸೀಳಿನ ಮೇಲಿಟ್ಟು, ಅಂಚು ಮಡಚಿ, ಉಗುರಿನಿಂದ ಗೀರಿದಳು, ಇವಳ ಕಾಲು ಹಿಡ್ಕೋ, ಒದೀತಾಳೆ ನೋಡು ಪೀಡೆ, ಅಲ್ಲಾಡಿಸಿದ್ರೆ ಚುಚ್ಚುತ್ತೆ. ಹಿಡಿಯಲೇ, ಹಿಡಿದು ಸೂಜಿಗೆ ಒಡ್ಡಲೇ, ಹಿಡಿಯದಿದ್ದರೆ — ಹಿಡಿದಳು, ಕೌದಿಯ ಮೇಲಿನಿಂದ, ಕಾಲಿನ ಬಿಸಿ ಬಟ್ಟೆ ದಾಟಿ ಬಂತು, ಜ್ವರದ ಬಿಸಿಯಲ್ಲ, ಬರೀ ಬಿಸಿ, ಸೂಜಿ ಒಳಗೆ ಹೋಯಿತು, ಹೊರಗೆ ಬಂತು, ಒಂದು ಹೊಲಿಗೆ, ಇನ್ನೊಂದು, ಖುದಿಯಾಳ ಬೆರಳನ್ನೇ ನೋಡುತ್ತಿದ್ದಾಳೆ ಕಿನೆ, ಉಗುರು, ಉಂಗುರ, ಸೀಳು ಚಿಕ್ಕದಾಗುತ್ತ ಬರುತ್ತದೆ, ಕೋಳಿಯ ಕೊರಳು ಮತ್ತೆ ಕೆಂಪಿನ ಪಕ್ಕಕ್ಕೆ ಬರುತ್ತದೆ, ಬಾಗಿಲಾಚೆ ಯಾಯ್ ಪೆಂದಾ ಕರೆಯುತ್ತಾರೆ, ಏನ್ ಮಾಡ್ತಿದೀರೇ ಇಬ್ಬರೂ ಒಳಗೆ, ಖುದಿಯಾ, ಬಂದೆ ಯಾಯ್, ಎನ್ನುತ್ತಾಳೆ ತಲೆಯೆತ್ತದೆ, ಕೊನೆಯ ಹೊಲಿಗೆಗೆ ಸೂಜಿ ಎತ್ತುತ್ತಾಳೆ, ಆಗ ಮಗು ಮೈಮುರಿಯುತ್ತದೆ, ಕಾಲು ಕಿನೆಯ ಹಿಡಿತದಿಂದ ಜಾರುತ್ತದೆ, ಉಳಿದ ಆ ಒಂದಿಷ್ಟು ಸೀಳಿನಲ್ಲಿ ಹಿಮ್ಮಡಿ, ಅದರ ಮೇಲೆ ಸೂಜಿಯ ಮೊನೆ, ನಿಂತಿದೆ, ಖುದಿಯಾ ನಿಲ್ಲಿಸಿದ್ದಾಳೆ, ಹಿಮ್ಮಡಿ, ಕೆಂಪಗೆ, ಗುಂಡಗೆ, ಮೊನೆಗೂ ಅದಕ್ಕೂ ನಡುವೆ ಅಕ್ಕಿಕಾಳು ಹಿಡಿಯುವಷ್ಟು ಜಾಗ, ಹಿಮ್ಮಡಿ —